ತಕ್ತಪೋಶಿನ ಮೇಲಿನ ಪಾಠ

ಕಲ್ಕತ್ತೆಯವರು ವರ್ಷವಿಡೀ ಕಾಯುವುದು ಎರಡಕ್ಕೆ, ಪೂಜೆಗೆ ಮತ್ತು ಚಳಿಗೆ. ನವೆಂಬರ್ ಮುಗಿಯುತ್ತಿದ್ದಂತೆ ಟ್ರಂಕುಗಳಿಂದ ಶಾಲು, ಮಂಕಿ ಟೋಪಿ ಹೊರಬರುತ್ತವೆ. ಮಿಠಾಯಿ ಅಂಗಡಿಗಳಲ್ಲಿ ನೊಲೆನ್ ಗುಡದ, ಅಂದರೆ ಹೊಸ ಖರ್ಜೂರದ ಬೆಲ್ಲದ ಪರಿಮಳ ಏಳುತ್ತದೆ. ಹತ್ತಿ ಹಿಂಜುವವನು ಬಿಲ್ಲಿನ ತಂತಿ ಮೀಟುತ್ತ ಓಣಿ ಓಣಿ ತಿರುಗುತ್ತಾನೆ. 2000ನೇ ಇಸವಿಯ ಚಳಿಗಾಲದಲ್ಲಿ ಇವೆಲ್ಲ ನನಗೆ ಗೊತ್ತಾದದ್ದು ಲೇಕ್ ಮಾರ್ಕೆಟ್ ಹತ್ತಿರದ ನಮ್ಮ ಎರಡನೇ ಮಹಡಿಯ ಮನೆಯ ಕಿಟಕಿ ಪಕ್ಕ ಮಲಗಿದಲ್ಲಿಂದ, ಬರೀ ಮೂಗು ಮತ್ತು ಕಿವಿಯ ಮೂಲಕ.

ಆ ಡಿಸೆಂಬರಿನ ಒಂದು ಮಧ್ಯಾಹ್ನ, ನಾನು ಗಣಿತ ಕಲಿಸುತ್ತಿದ್ದ ಶಾಲೆಯ ಸ್ಟಾಫ್ ರೂಮಿನ ಕಪಾಟಿನ ತಳದ ಅರೆಯಿಂದ ಒಂಬತ್ತನೇ ಕ್ಲಾಸಿನ ಗಣಿತದ ನೋಟುಬುಕ್ಕುಗಳ ಕಟ್ಟು ಎತ್ತಿ ಹಿಂದಕ್ಕೆ ತಿರುಗಿದ್ದೆ. ಸೊಂಟದಲ್ಲಿ ಚಳಕು ಹೊಡೆಯಿತು. ರಾತ್ರಿಯ ಹೊತ್ತಿಗೆ ಅದು ಎಡಗಾಲಿನ ಹಿಂಬದಿಗೆ ಇಳಿದು, ಮೀನಖಂಡ ದಾಟಿ, ಪಾದದ ಹೊರ ಅಂಚು ಹಿಡಿದು ಕಿರುಬೆರಳಿಗೆ ಮುಟ್ಟಿತು. ಸೀನು ಬಂದರೆ ಕಾಲಿಗೆ ಕರೆಂಟು ಹೊಡೆದಂತಾಗುತ್ತಿತ್ತು. ಡಾಕ್ಟರು ಅಂಗಾತ ಮಲಗಿಸಿ, ಮಂಡಿ ಮಡಿಸದೆ ಕಾಲನ್ನು ಮೆಲ್ಲಗೆ ಎತ್ತಿದರು. ಒಂದು ಗೇಣು ಏರುವಷ್ಟರಲ್ಲೇ ನಾನು ಅವರ ಕೈ ಹಿಡಿದುಕೊಂಡೆ. ಎಡಗಾಲಿನ ತುದಿಬೆರಳ ಮೇಲೆ ನಿಲ್ಲಿ ಎಂದರು, ಹಿಮ್ಮಡಿ ಮೇಲೇಳಲೇ ಇಲ್ಲ. ಎಮ್‌ಆರ್‌ಐ ಆಯಿತು. ಸೊಂಟದ ಕೊನೆಯ ಎಲುಬಿಗೂ ಅದರ ಕೆಳಗಿನ ತ್ರಿಕಾಸ್ಥಿಗೂ ನಡುವೆ ಇರುವ ಡಿಸ್ಕು ನರವನ್ನು ಒತ್ತುತ್ತಿತ್ತು.

‘ಡಿಸ್ಕ್ ಜಾರಿದೆ’ ಎಂದು ನಾವೆಲ್ಲ ಅನ್ನುತ್ತೇವೆ. ನಿಜವಾಗಿ ಅದು ಎಲ್ಲಿಗೂ ಜಾರಿರುವುದಿಲ್ಲ. ಹೋಳಿಗೆ ಲಟ್ಟಿಸುವಾಗ ಕಣಕ ಒಂದು ಕಡೆ ಹರಿದು ಹೂರಣ ಹೊರಗೆ ಇಣುಕುತ್ತದಲ್ಲ, ಹಾಗೆ ಡಿಸ್ಕಿನ ಸುತ್ತಲಿನ ಗಟ್ಟಿ ಪದರು ಸೀಳಿ ಒಳಗಿನ ಮೆತ್ತನೆಯ ಭಾಗ ಹೊರಚಾಚಿ ಪಕ್ಕದ ನರಕ್ಕೆ ತಗಲುತ್ತದೆ. ಬೆನ್ನಿನ ಈ ತೊಂದರೆ ಕಾಲಿನಲ್ಲಿ ಉರಿಯುವುದಕ್ಕೆ ಕಾರಣ ಇದು. ಅಮೆರಿಕದ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು ಶಸ್ತ್ರವೈದ್ಯರು ಈ ನಂಟನ್ನು ವೈದ್ಯಲೋಕಕ್ಕೆ ಮನಗಾಣಿಸಿದ್ದು 1934ರಲ್ಲಿ. ನಮ್ಮ ಅಜ್ಜನ ಕಾಲದವರು ಇದೇ ನೋವನ್ನು ವಾತ ಎಂದು ಅನುಭವಿಸಿ, ಎಣ್ಣೆ ತಿಕ್ಕಿಕೊಂಡು, ಕುಂಟುತ್ತಲೇ ಹೊಲಕ್ಕೆ ಹೋಗಿರಬೇಕು.

ಸುದ್ದಿ ತಿಳಿದವರೆಲ್ಲ ಹೇಳಿದ್ದು ಒಂದೇ: ಹಲಗೆ ಹಾಕಿಸಿಕೊಂಡು ಮಲಗಿಬಿಡಿ, ತಿಂಗಳಾದರೂ ಏಳಬೇಡಿ. ನನ್ನ ಡಾಕ್ಟರು ಒಪ್ಪಲಿಲ್ಲ. ಹಿಂದಿನ ವರ್ಷವಷ್ಟೇ, 1999ರಲ್ಲಿ, ನೆದರ್ಲೆಂಡ್ಸಿನ ವೈದ್ಯರು ಸಯಾಟಿಕಾ, ಅಂದರೆ ಹೀಗೆ ಕಾಲಿಗಿಳಿಯುವ ನರದ ನೋವಿನ 183 ಜನ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಎರಡು ವಾರ ಹಾಸಿಗೆಯಲ್ಲಿ ಮಲಗಿಸಿ, ಇನ್ನೊಂದನ್ನು ಆದಷ್ಟು ಓಡಾಡಲು ಬಿಟ್ಟು ನೋಡಿದ್ದರಂತೆ. 12 ವಾರಗಳ ನಂತರ ಎರಡೂ ಗುಂಪಿನವರು ಒಂದೇ ಮಟ್ಟಕ್ಕೆ ಗುಣವಾಗಿದ್ದರು. ಮಲಗಿದ್ದರಿಂದ ಹೆಚ್ಚೇನೂ ಸಿಕ್ಕಿರಲಿಲ್ಲ. ಹೊರಬಂದ ಡಿಸ್ಕಿನ ಚೂರನ್ನು ಮೈ ತಾನೇ ನಿಧಾನವಾಗಿ ಕರಗಿಸಿಕೊಳ್ಳುತ್ತದೆ, ಬಹಳಷ್ಟು ಜನರಿಗೆ ಆಪರೇಷನ್ ಬೇಕಾಗುವುದಿಲ್ಲ ಎಂದು ವಿವರಿಸಿದರು. ‘ನೋವು ತಡೆಯಲಾಗದಿದ್ದಾಗ ಮಲಗಿ, ತಡೆಯಬಹುದಾದಾಗ ಏಳಿ’ ಎಂಬುದು ಅವರ ಚೀಟಿಯ ಸಾರ. ಆ ಮಾತು ನನಗೆ ಎಷ್ಟು ಧೈರ್ಯ ಕೊಟ್ಟಿತೆಂದು ಈಗಲೂ ನೆನೆಯುತ್ತೇನೆ. ಕಾಯಿಲೆಯವಳಾಗಿ ಬಿದ್ದುಕೊಂಡಿರುವುದು ಬೇರೆ, ಗುಣವಾಗುವ ಕೆಲಸದಲ್ಲಿ ತೊಡಗುವುದು ಬೇರೆ.

ಮಲಗಲು ನನಗಿದ್ದದ್ದು ತಕ್ತಪೋಶ್, ಅಂದರೆ ಬಂಗಾಳದ ಹಳೆಯ ಮನೆಗಳ ಗಿಡ್ಡನೆಯ ಮರದ ಮಂಚ. ಸ್ಪ್ರಿಂಗೂ ಇಲ್ಲ, ಹಗ್ಗವೂ ಇಲ್ಲ, ಬರೀ ಹಲಗೆ. ನಮ್ಮದು ಮನೆ ಮಾಲೀಕರು ಬಿಟ್ಟುಹೋದದ್ದು. ಅದರ ಮೇಲೆ ಬೂರುಗದ ಹತ್ತಿಯ ತೆಳ್ಳನೆ ಹಾಸಿಗೆ. ಮೇಲಿನ ಮನೆಯ ಮಾಸಿಮಾ ತಮ್ಮ ಪಾಶ್‌ಬಾಲಿಶ್, ಅಂದರೆ ತಬ್ಬಿ ಮಲಗುವ ದುಂಡು ಉದ್ದ ದಿಂಬನ್ನು ತಂದು ನನ್ನ ಮಂಡಿಗಳ ಕೆಳಗೆ ತುರುಕಿದರು. ಸೊಂಟದ ಬಿಗಿ ಅರ್ಧ ಇಳಿಯಿತು. ಅದನ್ನು ಅವರು ಮತ್ತೆ ವಾಪಸು ಕೇಳಲೇ ಇಲ್ಲ.

ಹುಬ್ಬಳ್ಳಿಯಿಂದ ಅವ್ವ ಬಂದಳು. ಬಂದವಳೇ ಬ್ಯಾಗಿನಿಂದ ಅಂಟು, ಅಳವಿ, ಒಣಕೊಬ್ಬರಿ, ಉತ್ತತ್ತಿ ತೆಗೆದು ಹರವಿದಳು. ಬೆಲ್ಲ ಮಾತ್ರ ತಂದಿರಲಿಲ್ಲ. ಮಾಸಿಮಾ ಪಾಟಾಲಿ, ಅಂದರೆ ಖರ್ಜೂರದ ಬೆಲ್ಲದ ಅಚ್ಚು ತಂದುಕೊಟ್ಟರು. ಅವ್ವ ಮೂಸಿ ನೋಡಿ, ನಾಲಿಗೆಗೆ ಹಚ್ಚಿ ನೋಡಿ, ‘ಆಗಬಹುದು’ ಅಂದಳು. ತುಪ್ಪದಲ್ಲಿ ಅಂಟು ಅರಳುವ ವಾಸನೆಯೂ ಹೊಗೆಯ ಘಮಲಿನ ಆ ಬೆಲ್ಲದ ಪಾಕವೂ ಕೂಡಿ ಎದ್ದ ಪರಿಮಳ ಅದಕ್ಕೆ ಮುಂಚೆ ಯಾವ ಅಡುಗೆಮನೆಯಲ್ಲೂ ಎದ್ದಿರಲಾರದು. ‘ಬಾಣಂತ್ಯಾರಿಗೆ ಸೊಂಟಾ ಗಟ್ಟಿ ಮಾಡೂ ಉಂಡಿ ನಿನಗೇನ್ ಮಾಡೂದಿಲ್ಲನು? ತಿನ್ನು, ಮಾತಾಡಬ್ಯಾಡ’ ಎಂದು ದಿನಾ ಬೆಳಿಗ್ಗೆ ಕೈಗಿಡುತ್ತಿದ್ದಳು. ಅವ್ವನಿಗೆ ಬಂಗಾಳಿ ಬರದು, ಮಾಸಿಮಾಗೆ ಕನ್ನಡ ಬರದು. ಇಬ್ಬರೂ ತಂತಮ್ಮ ಭಾಷೆಯಲ್ಲೇ ಗಂಟೆಗಟ್ಟಲೆ ಹರಟಿದರು. ಸಂಕ್ರಾಂತಿಯ ದಿನ ಕೆಳಗಿನಿಂದ ಕುಸುರೆಳ್ಳು ಮೇಲಕ್ಕೆ ಹೋಯಿತು, ಮೇಲಿನಿಂದ ಪಿಠೆ, ಅಂದರೆ ಅಕ್ಕಿಹಿಟ್ಟಿನ ಸಿಹಿ ಕಡುಬು, ಕೆಳಗೆ ಬಂತು.

ಬೆನ್ನು ಕೆಟ್ಟಾಗ ಮೊದಲು ತಿಳಿಯುವುದು ದಿನವೊಂದರಲ್ಲಿ ಎಷ್ಟು ಸಲ ಬಗ್ಗುತ್ತೇವೆ ಎಂಬುದು. ಹಲ್ಲುಜ್ಜಿ ಬಾಯಿ ಮುಕ್ಕಳಿಸಲು ಬೇಸಿನ್ನಿಗೆ ಬಗ್ಗಬೇಕು. ಹಾಗಾಗದಂತೆ ಒಂದು ಕಾಲನ್ನು ಮಣೆಯ ಮೇಲಿಟ್ಟು, ಒಂದು ಕೈಯನ್ನು ಗೋಡೆಗೆ ಊರಿ, ಮಂಡಿ ಸಡಿಲಿಸಿ ಇಳಿಯುವುದನ್ನು ಕಲಿತೆ. ಹಾಸಿಗೆಯಿಂದ ನೇರವಾಗಿ ಏಳುವಂತಿಲ್ಲ. ಭುಜ ಸೊಂಟ ಎರಡೂ ಒಟ್ಟಿಗೆ ಒಂದು ಮಗ್ಗುಲಿಗೆ ಹೊರಳಬೇಕು, ಕಾಲು ಮಂಚದ ಕೆಳಗಿಳಿಸಬೇಕು, ಆಮೇಲೆ ಕೈಯೂರಿ ಏಳಬೇಕು. ಸ್ನಾನದ ಬಕೆಟ್ಟು ಸ್ಟೂಲಿನ ಮೇಲೇರಿತು. ಈಳಿಗೆ ಮಣೆ ಮೂಲೆ ಸೇರಿತು, ನಿಂತು ಹೆಚ್ಚಲು ಚಾಕು ಬಂತು. ಸೀರೆ ಉಡುವುದು ನನಗೆ ಆಗುತ್ತಿತ್ತು, ಆದರೆ ಕೆಳಗಿನ ನಿರಿಗೆ ಸರಿಮಾಡಲು ಆಗುತ್ತಿರಲಿಲ್ಲ. ಅವ್ವ ಮಂಡಿಯೂರಿ ಕೂತು ಒಂದೊಂದೇ ನಿರಿಗೆ ಹಿಡಿದು ಜಗ್ಗಿ ಕೂರಿಸುತ್ತಿದ್ದಳು, ನಾನು ಐದನೇ ಕ್ಲಾಸಿನಲ್ಲಿ ಮೊದಲ ಸಲ ಸೀರೆ ಉಟ್ಟಾಗ ಮಾಡಿದ್ದ ಹಾಗೇ. ಮಗಳು ನಲವತ್ತರ ಹತ್ತಿರ ಬಂದಾಗ ಆ ಕೆಲಸ ಮತ್ತೆ ಕೈಗೆ ಬಂದದ್ದು ಅವ್ವನಿಗೆ ಸಂಕಟವಾಗಿತ್ತು ಎಂದು ಆಕೆಯ ಮೌನ ನೋಡಿ ಅರ್ಥವಾಗುತ್ತಿತ್ತು.

ಫಿಸಿಯೋಥೆರಪಿಸ್ಟ್ ವಾರಕ್ಕೆರಡು ಸಲ ಮನೆಗೇ ಬರುತ್ತಿದ್ದರು, ನಾವು ಅವರನ್ನು ದಾದಾ ಎನ್ನುತ್ತಿದ್ದೆವು. ಮೊದಲ ದಿನ ಬೋರಲು ಮಲಗಿಸಿದರು, ಅಷ್ಟೇ. ಮುಂದೆ ಮೊಣಕೈ ಊರಿ ಎದೆ ಎತ್ತಿಸಿದರು, ಆಮೇಲೆ ಅಂಗೈ ಊರಿಸಿದರು. ಬೆನ್ನು ಹಿಂದಕ್ಕೆ ಬಾಗಿದಾಗ ಕಾಲಿನ ನೋವು ಮೀನಖಂಡದಿಂದ ತೊಡೆಗೆ, ತೊಡೆಯಿಂದ ಸೊಂಟಕ್ಕೆ ಹಿಂದೆ ಸರಿಯುತ್ತ ಬಂದರೆ ಅದು ಒಳ್ಳೆಯ ಲಕ್ಷಣ ಎಂದರು. ಸೊಂಟ ಸ್ವಲ್ಪ ಹೆಚ್ಚು ನೋಯಬಹುದು, ಹೆದರಬೇಡಿ, ಕಾಲಿನ ಕಡೆ ಗಮನವಿಡಿ. ಈ ವ್ಯಾಯಾಮಕ್ಕೆ ಒಂದು ಕತೆಯಿದೆ. 1956ರಲ್ಲಿ ನ್ಯೂಜಿಲೆಂಡಿನ ರಾಬಿನ್ ಮೆಕೆಂಜಿ ಎಂಬ ಫಿಸಿಯೋಥೆರಪಿಸ್ಟರ ಕ್ಲಿನಿಕ್ಕಿನಲ್ಲಿ ರೋಗಿಯೊಬ್ಬ, ತಲೆಯ ಕಡೆ ಎತ್ತರಕ್ಕೇರಿಸಿಟ್ಟಿದ್ದ ಮೇಜಿನ ಮೇಲೆ ಯಾರೂ ನೋಡದಾಗ ಬೋರಲು ಮಲಗಿಬಿಟ್ಟ. ಬೆನ್ನು ಹಿಂದಕ್ಕೆ ಬಾಗಿದ ಆ ಭಂಗಿ ನೋಡಿ ಮೆಕೆಂಜಿ ಗಾಬರಿಯಾದರೆ, ರೋಗಿ ಮಾತ್ರ ಕಾಲುನೋವು ಹೋಯಿತು ಎಂದ. ಅದನ್ನೇ ಬೆನ್ನುಹತ್ತಿ ಅವರು ಒಂದು ಚಿಕಿತ್ಸಾಕ್ರಮವನ್ನೇ ಕಟ್ಟಿದರು. ದಾದಾ ಇದನ್ನು ಹೇಳುವಾಗ ಅವರ ಕಣ್ಣು ಹೊಳೆಯುತ್ತಿತ್ತು. ನನಗೂ ಬಹಳ ಹಿಡಿಸಿತು. ತರಗತಿಯಲ್ಲೂ ಹೀಗೇ ಅಲ್ಲವೇ, ಹುಡುಗರು ನಾವು ಹೇಳದ ದಾರಿಯಲ್ಲಿ ಲೆಕ್ಕ ಬಿಡಿಸಿ ತಂದಾಗ ಅಳಿಸಿಹಾಕದೆ ನೋಡಬೇಕು.

ಹತ್ತನೇ ಕ್ಲಾಸಿನ ನನ್ನ ಮಕ್ಕಳಿಗೆ ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ನನ್ನ ಬದಲಿಗೆ ಇನ್ನೊಬ್ಬರು ಪಾಠ ಮುಗಿಸಿದ್ದರು, ಆದರೂ ಸಂದೇಹಗಳಿದ್ದವು. ಜನವರಿಯಲ್ಲಿ ಕೆಲವರು ನನ್ನನ್ನು ನೋಡಲೆಂದು ಬಂದರು. ಕಿತ್ತಳೆ ಹಣ್ಣು ಕೊಟ್ಟು, ಸ್ವಲ್ಪ ಹೊತ್ತು ನಿಂತು, ಕೊನೆಗೆ ಒಬ್ಬಳು ಬ್ಯಾಗಿನಿಂದ ವೃತ್ತದ ಪ್ರಮೇಯ ತೆಗೆದಳು. ಅಂದಿನಿಂದ ಮಧ್ಯಾಹ್ನದ ಪಾಠ ಶುರುವಾಯಿತು.

ಕಲ್ಕತ್ತೆಯ ಹಳೆಯ ಮನೆಗಳ ನೆಲ ಕೆಂಪು, ಅಂಚಿಗೆ ಕಪ್ಪು ಪಟ್ಟಿ, ವರ್ಷಗಟ್ಟಲೆ ಒರೆಸಿ ಒರೆಸಿ ಕನ್ನಡಿಯಾದ ನೆಲ. ಕಪ್ಪುಹಲಗೆ ಇರಲಿಲ್ಲ, ಇದ್ದರೂ ಎದ್ದು ಬರೆಯುವಂತಿರಲಿಲ್ಲ. ನಾನು ತಕ್ತಪೋಶಿನ ಅಂಚಿನಲ್ಲಿ ಬೋರಲು ಮಲಗಿ, ದಾದಾ ಹೇಳಿಕೊಟ್ಟಂತೆ ಮೊಣಕೈ ಊರಿ, ಕೆಳಗೆ ನೋಡುತ್ತಿದ್ದೆ. ಮಕ್ಕಳು ನೆಲದ ಮೇಲೆ ಸುತ್ತ ಕೂತು ಚಾಕ್‌ಪೀಸಿಗೆ ದಾರ ಕಟ್ಟಿ, ಇನ್ನೊಂದು ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದು ದೊಡ್ಡ ವೃತ್ತ ಎಳೆಯುತ್ತಿದ್ದರು. ಒಂದು ಕಂಸವು ಕೇಂದ್ರದಲ್ಲಿ ಮಾಡುವ ಕೋನ ಪರಿಧಿಯಲ್ಲಿ ಮಾಡುವ ಕೋನದ ಎರಡರಷ್ಟು. ಪುಸ್ತಕದಲ್ಲಿ ಅದು ಹೆಬ್ಬೆರಳಿನಷ್ಟು ಚಿತ್ರ. ಇಲ್ಲಿ ಒಬ್ಬಳು ಕೇಂದ್ರದಲ್ಲಿ ಕೂತಳು, ಇನ್ನೊಬ್ಬಳು ಪರಿಧಿಯ ಮೇಲೆ ಕೂತಳು, ಕಂಸದ ಎರಡು ತುದಿಗೆ ದಾರ ಹಿಡಿದು ಇಬ್ಬರು ನಿಂತರು. ಪರಿಧಿಯವಳು ಸರಿಸರಿದು ಜಾಗ ಬದಲಿಸಿದಳು, ಪ್ರತಿ ಸಲ ಕೋನಮಾಪಕ ಇಟ್ಟು ನೋಡಿದರು. ಕೋನ ಬದಲಾಗಲಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವ್ವ, ‘ಇದು ರಂಗೋಲಿ ಲೆಕ್ಕಾನ ಬಿಡು’ ಅಂದು ಪಕ್ಕದಲ್ಲೇ ಚುಕ್ಕಿ ಇಟ್ಟು ಎಳೆ ಎಳೆದು ತೋರಿಸಿದಳು.

ತರಗತಿಯಲ್ಲಿ ನಾನು ನಿಂತಿರುತ್ತಿದ್ದೆ, ಅವರು ತಲೆ ಬಗ್ಗಿಸಿ ಬರೆಯುತ್ತಿದ್ದರು. ನನಗೆ ಕಾಣುತ್ತಿದ್ದದ್ದು ಬೈತಲೆ, ಜಡೆ. ಮಲಗಿದಾಗ ಮುಖಗಳು ನನ್ನ ಮುಖದ ಮಟ್ಟಕ್ಕೇ ಬಂದವು. ಯಾರಿಗೆ ಎಲ್ಲಿ ಅರ್ಥವಾಗಲಿಲ್ಲ ಎಂಬುದು ಅವರು ಕೇಳುವ ಮೊದಲೇ ತಿಳಿಯುತ್ತಿತ್ತು, ಹುಬ್ಬಿನಲ್ಲಿ, ಪೆನ್ಸಿಲ್ ಕಚ್ಚುವ ಹಲ್ಲಿನಲ್ಲಿ. ಎರಡು ವರ್ಷ ನನ್ನ ಕ್ಲಾಸಿನಲ್ಲಿ ಬಾಯಿಬಿಡದಿದ್ದ ಹುಡುಗಿಯೊಬ್ಬಳು ಅಲ್ಲಿ ನನ್ನ ಕಿವಿಯ ಹತ್ತಿರ ಬಂದು, ‘ಮಿಸ್, ಸ್ಪರ್ಶಕ ಎಂದರೆ ಮುಟ್ಟಿದ ಮೇಲೆ ಯಾಕೆ ಒಳಗೆ ಹೋಗುವುದಿಲ್ಲ?’ ಎಂದು ಕೇಳಿದಳು. ಇಂಥ ಮೂಲದ ಪ್ರಶ್ನೆಯನ್ನು ಆ ಬ್ಯಾಚಿನಲ್ಲಿ ಬೇರೆ ಯಾರೂ ಕೇಳಿರಲಿಲ್ಲ. ಸರಸ್ವತಿ ಪೂಜೆಯ ದಿನ ಮಾತ್ರ ಪಾಠವಿಲ್ಲ. ಬಂಗಾಳದಲ್ಲಿ ಆ ದಿನ ಪುಸ್ತಕಗಳೆಲ್ಲ ದೇವಿಯ ಪಾದದ ಬಳಿ ಇರುತ್ತವೆ, ಯಾರೂ ಓದುವಂತಿಲ್ಲ. ಹಳದಿ ಸೀರೆ ಉಟ್ಟು ಬಂದ ಆ ಹುಡುಗಿಯರೇ ನನ್ನನ್ನು ಒಂದೊಂದೇ ಮೆಟ್ಟಿಲು ಇಳಿಸಿ ಓಣಿಯ ಪೆಂಡಾಲಿಗೆ ಕರೆದೊಯ್ದು ಪುಷ್ಪಾಂಜಲಿ ಕೊಡಿಸಿದರು.

ಮೆಟ್ಟಿಲು ಇಳಿದದ್ದಾಯಿತಲ್ಲ, ಇನ್ನು ನಡೆಯುವುದು. ಅವ್ವನಿಗೆ ಒಂದು ಆಸೆಯಿತ್ತು. ನಮ್ಮ ಕಡೆ ಒಂದು ಕಾಲದಲ್ಲಿ ಬಂಗಾಳಿ ಕಾದಂಬರಿಗಳನ್ನು ಕನ್ನಡದಲ್ಲಿ ಓದದ ಮನೆಯೇ ಇರಲಿಲ್ಲ. ಬಿ. ವೆಂಕಟಾಚಾರ್ಯರು ಹತ್ತೊಂಬತ್ತನೇ ಶತಮಾನದಲ್ಲೇ ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದರು, ಮುಂದೆ ಶರತ್‌ಚಂದ್ರರು ಬಂದರು. ಅವ್ವ ಮದುವೆಗೆ ಮುಂಚೆ ಶರತ್‌ಚಂದ್ರರನ್ನು ಓದಿ ಅತ್ತವಳು. ಆ ಶರತ್‌ಬಾಬು ಕೊನೆಯ ವರ್ಷಗಳಲ್ಲಿ ಇದ್ದ ಮನೆ ಅಶ್ವಿನಿ ದತ್ತ ರಸ್ತೆಯಲ್ಲಿ, ನಮ್ಮಿಂದ ಸ್ವಲ್ಪವೇ ದೂರ ಎಂದು ತಿಳಿದಾಗಿನಿಂದ ಆಕೆಗೆ ಒಂದೇ ಹಟ: ‘ನೀನ ಕರಕೊಂಡು ಹೋಗಬೇಕು, ನಡಕೊಂತ.’ ಮೊದಲ ಯತ್ನದಲ್ಲಿ ಓಣಿಯ ಕೊನೆಯ ಪಾನ್ ಅಂಗಡಿಯವರೆಗೆ, ಮತ್ತೊಂದು ದಿನ ರಾಸ್‌ಬಿಹಾರಿ ಅವೆನ್ಯೂವಿನ ಟ್ರಾಮ್ ಹಳಿಯವರೆಗೆ. ಮಾಸಿಮಾ ಒಂದು ಮೋಡಾ, ಬೆತ್ತದ ಗಿಡ್ಡ ಪೀಠ, ಹಿಡಿದುಕೊಂಡು ಹಿಂದೆ ಬರುತ್ತಿದ್ದರು, ನಾನು ಸುಸ್ತಾದರೆ ಇರಲಿ ಎಂದು. ಗಿಡ್ಡ ಪೀಠದಲ್ಲಿ ಕೂರುವುದೇ ನನಗೆ ಕಷ್ಟವಾದ್ದರಿಂದ ಅದರಲ್ಲಿ ಅವರೇ ಕೂರುತ್ತಿದ್ದರು, ನಾನು ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ದಾರಿಹೋಕರು ನಿಂತು ವಿಚಾರಿಸಿ, ಪ್ರತಿಯೊಬ್ಬರೂ ಒಂದೊಂದು ಹೋಮಿಯೋಪತಿ ಗುಳಿಗೆಯ ಹೆಸರು ಹೇಳಿ ಹೋಗುತ್ತಿದ್ದರು. ಫೆಬ್ರವರಿಯ ಒಂದು ಬೆಳಿಗ್ಗೆ ಆ ಮನೆ ಮುಟ್ಟಿದೆವು. ಅವ್ವ ಚಪ್ಪಲಿ ಬಿಟ್ಟು ಗೇಟಿಗೆ ಕೈಮುಗಿದಳು.

ಆಮೇಲೆ ಲೇಕ್. ರವೀಂದ್ರ ಸರೋವರ ಎಂದು 1958ರಲ್ಲಿ ಹೆಸರಾಯಿತು, ಆದರೆ ಜನ ಅದನ್ನು ಕರೆಯುವುದು ಲೇಕ್ ಎಂದೇ. 1920ರ ದಶಕದಲ್ಲಿ ಕಲ್ಕತ್ತಾ ಇಂಪ್ರೂವ್‌ಮೆಂಟ್ ಟ್ರಸ್ಟ್ ತೋಡಿಸಿದ ಕೆರೆ. ಸುತ್ತ ಸಮತಟ್ಟಾದ ದಾರಿ, ಹತ್ತು ಹೆಜ್ಜೆಗೊಂದು ಬೆಂಚು. ಬೆನ್ನುನೋವಿನವರಿಗೆ ಇದಕ್ಕಿಂತ ಒಳ್ಳೆಯ ಜಾಗ ಈ ಊರಲ್ಲಿಲ್ಲ. ಮಂಕಿ ಟೋಪಿಯ ಹಿರಿಯರು ನನ್ನ ನಡಿಗೆ ನೋಡಿಯೇ ‘ಎಲ್-ಫೈವ್?’, ಅಂದರೆ ಸೊಂಟದ ಕೊನೆಯ ಎಲುಬೇ, ಎಂದು ಕೇಳುತ್ತಿದ್ದರು. ಕೇಳಿದವರಲ್ಲಿ ಬಹಳ ಮಂದಿ ತಾವೂ ಅದನ್ನು ದಾಟಿ ಬಂದವರು.

ಮಾರ್ಚ್ ಬಂತು, ಈಡನ್ ಗಾರ್ಡನ್ಸ್‌ನಲ್ಲಿ ಆಸ್ಟ್ರೇಲಿಯಾ ಟೆಸ್ಟ್. ಮಗನ ಪರೀಕ್ಷೆ ಮುಗಿದಿತ್ತು, ಟೀವಿ ನನ್ನ ತಕ್ತಪೋಶಿನ ಎದುರಿಗೇ ಬಂತು. ಹದಿನಾರು ಟೆಸ್ಟ್ ಸತತ ಗೆದ್ದು ಬಂದಿದ್ದ ತಂಡ ಅದು. ಭಾರತ 171ಕ್ಕೆ ಔಟಾಗಿ, 274 ರನ್ ಹಿಂದೆ ಬಿದ್ದು ಫಾಲೋಆನ್ ಆಡುತ್ತಿತ್ತು. ನಾಲ್ಕನೇ ದಿನ, ಮಾರ್ಚ್ 14ರಂದು ಬೆಳಿಗ್ಗೆ ಲಕ್ಷ್ಮಣ್ ಮತ್ತು ದ್ರಾವಿಡ್ ಇಳಿದರು. ನನಗೆ ದಾದಾ ಕೊಟ್ಟ ನಿಯಮ: ಅರ್ಧ ಗಂಟೆಗಿಂತ ಹೆಚ್ಚು ಒಂದೇ ಭಂಗಿಯಲ್ಲಿ ಇರಬಾರದು. ಮಗನ ನಿಯಮ: ವಿಕೆಟ್ ಬೀಳುವ ತನಕ ಯಾರೂ ಜಾಗ ಬದಲಿಸಬಾರದು. ಕೊನೆಗೆ ಅವನೇ ದಾರಿ ಹುಡುಕಿದ. ಅಮ್ಮ ಓವರುಗಳ ನಡುವೆ ಬಾಗಿಲವರೆಗೆ ನಡೆದು, ಚೆಂಡು ಎಸೆಯುವ ಹೊತ್ತಿಗೆ ಮತ್ತೆ ಅದೇ ಜಾಗಕ್ಕೆ ಬರಬೇಕು. ಹೀಗೆ ಆ ದಿನವೆಲ್ಲ ಓವರಿಗೊಂದು ಸಲ ನಾನು ಬಾಗಿಲವರೆಗೆ ನಡೆದೆ. ವಿಕೆಟ್ ಬೀಳಲೇ ಇಲ್ಲ. ಇಡೀ ದಿನ ಇಬ್ಬರೂ ಆಡಿ 335 ರನ್ ಸೇರಿಸಿದರು. ಮಾಸಿಮಾ ದ್ರಾವಿಡ್ ಶತಕ ಹೊಡೆದಾಗ ಅವ್ವನ ಕೈಹಿಡಿದು ‘ನಿಮ್ಮ ಹುಡುಗ, ನಿಮ್ಮ ಹುಡುಗ’ ಎಂದು ಕುಣಿದರು. ಲಕ್ಷ್ಮಣ್ 281, ದ್ರಾವಿಡ್ 180. ಮರುದಿನ ಭಾರತ 171 ರನ್ನಿನಿಂದ ಗೆದ್ದಾಗ ಇಡೀ ಓಣಿ ಪಟಾಕಿ ಹೊಡೆಯಿತು.

ಆ ದಿನ ನಮಗೆ ಗೊತ್ತಿರದ ಒಂದು ಸಂಗತಿ ಲಕ್ಷ್ಮಣ್ 2018ರಲ್ಲಿ ಆತ್ಮಕತೆ ತಂದ ಮೇಲೆ ನನಗೆ ತಿಳಿಯಿತು. ಆ ಪಂದ್ಯಕ್ಕೆ ಮುಂಚೆ ಅವರನ್ನೂ ಬೆನ್ನುನೋವು ಕಾಡುತ್ತಿತ್ತು, ತಂಡದ ಫಿಸಿಯೋ ಆಂಡ್ರ್ಯೂ ಲೀಪಸ್ ದಿನವೂ ಚಿಕಿತ್ಸೆ ಕೊಟ್ಟು ಆಡಲು ಸಿದ್ಧಗೊಳಿಸಿದ್ದರು. ಅದನ್ನು ಓದಿ ಆ ಇನಿಂಗ್ಸನ್ನು ಮತ್ತೆ ಹಾಕಿ ನೋಡಿದೆ. ಶೇನ್ ವಾರ್ನ್ ಎಸೆತಕ್ಕೆ ಮುನ್ನುಗ್ಗಿ ಸೊಂಟ ತಿರುವಿ ಹೊಡೆಯುವ ಆ ಹೊಡೆತಗಳನ್ನು ಈಗ ನಾನು ನೋಡುವ ರೀತಿಯೇ ಬೇರೆ.

ಏಪ್ರಿಲಿನಲ್ಲಿ ಹೊಸ ವರ್ಷದ ತರಗತಿಗಳು ಶುರುವಾದವು, ನಾನೂ ಶಾಲೆಗೆ ಹೋದೆ. ಅಂಬಾಸಡರ್ ಟ್ಯಾಕ್ಸಿಯ ಮೆತ್ತನೆ ಗುಂಡಿಬಿದ್ದ ಸೀಟು ಸೊಂಟಕ್ಕೆ ಶತ್ರು. ಬಸ್ಸು ಇನ್ನೂ ಕಷ್ಟ, ಆದರೂ ಒಮ್ಮೆ ಹತ್ತಬೇಕಾಗಿ ಬಂದಾಗ ಕಂಡಕ್ಟರು ನನ್ನ ಮುಖ ನೋಡಿ ಬಸ್ಸಿನ ಬದಿ ಬಡಿದು ‘ಆಸ್ತೆ, ಲೇಡೀಸ್!’, ಅಂದರೆ ನಿಧಾನ, ಎಂದು ಕೂಗಿ, ನಾನು ಎರಡೂ ಕಾಲು ಊರುವ ತನಕ ಬಸ್ಸು ಬಿಡಲಿಲ್ಲ. ನನ್ನನ್ನು ಕಾಪಾಡಿದ್ದು ಮೆಟ್ರೋ. 1984ರಲ್ಲಿ ದೇಶದಲ್ಲೇ ಮೊದಲು ಓಡಿದ ಮೆಟ್ರೋ ಅದು. ಕುಲುಕಾಟ ಕಡಿಮೆ, ಕಂಬ ಹಿಡಿದು ನಿಂತು ಹೋಗಬಹುದು. ಮೆಟ್ಟಿಲುಗಳನ್ನು ವ್ಯಾಯಾಮ ಎಂದುಕೊಂಡೆ.

ಶಾಲೆಯಲ್ಲಿ ಒಂದು ಎತ್ತರದ ಸ್ಟೂಲು ಹಾಕಿಸಿಕೊಟ್ಟರು. ಸ್ವಲ್ಪ ಹೊತ್ತು ನಿಂತು, ಸ್ವಲ್ಪ ಹೊತ್ತು ಅದರ ತುದಿಗೆ ಒರಗಿ ಪಾಠ ಮಾಡಿದೆ. ಹಲಗೆಯ ಮೇಲರ್ಧದಲ್ಲಷ್ಟೇ ಬರೆದೆ. ಕೆಳಗಿನ ಅರ್ಧ ಮಕ್ಕಳದಾಯಿತು, ಅಲ್ಲಿ ಅವರೇ ಬಂದು ಲೆಕ್ಕ ಬಿಡಿಸುತ್ತಿದ್ದರು. ಡೆಸ್ಕಿನ ಮೇಲೆ ಬಗ್ಗುವ ಬದಲು ಒಂದು ಮಂಡಿ ನೆಲಕ್ಕೂರಿ ಪಕ್ಕದಲ್ಲಿ ಕೂತೆ, ಆ ಅಭ್ಯಾಸ ಬೆನ್ನು ಗುಣವಾದ ಮೇಲೂ ಬಿಡಲಿಲ್ಲ. ಮೇ ತಿಂಗಳ ಸೆಕೆಯಲ್ಲಿ ಸೊಂಟಕ್ಕೆ ಆಸರೆಯಾಗಿ ಕಟ್ಟಿಕೊಂಡಿದ್ದ ಬೆಲ್ಟಿನ ಕೆಳಗೆ ಬೆವರುಸಾಲೆ ಎದ್ದು ಬಹಳ ಹಿಂಸೆಯಾಯಿತು, ದಾದಾ ಅದನ್ನು ಮೊದಲು ಅರ್ಧ ದಿನ, ಆಮೇಲೆ ಪೂರ್ತಿ ಬಿಡಿಸಿದರು. ಮಳೆಗಾಲದ ಹೊತ್ತಿಗೆ ಎಡಗಾಲಿನ ಹಿಮ್ಮಡಿ ಮೇಲೇಳತೊಡಗಿತು. ಕಿರುಬೆರಳಿನ ಜೋಮು ಮಾತ್ರ ಪೂರ್ತಿ ಹೋಗಲಿಲ್ಲ, ಈಗಲೂ ಇದೆ.

ನಿವೃತ್ತಿಯಾದ ಮೇಲೂ ಹಳೆಯ ಸಹೋದ್ಯೋಗಿಗಳು ಸೊಂಟ ಹಿಡಿದುಕೊಂಡಾಗ ನನಗೆ ಫೋನ್ ಮಾಡುತ್ತಾರೆ. ಶಿಕ್ಷಕರ ಬೆನ್ನಿನ ಕಷ್ಟ ಶಿಕ್ಷಕರಿಗೇ ಗೊತ್ತು. ನಾನು ಮೊದಲು ಕೇಳುವುದು ಇಷ್ಟು: ಮೂತ್ರ ಕಟ್ಟಿದೆಯೇ, ಕೂರುವ ಜಾಗ ಜೋಮು ಹಿಡಿದಿದೆಯೇ, ಪಾದ ಎತ್ತಲು ಆಗುತ್ತಿಲ್ಲವೇ. ಒಂದಕ್ಕೆ ಹೌದು ಎಂದರೂ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ ಎನ್ನುತ್ತೇನೆ, ಆಗ ಗಂಟೆಗಳೂ ಮುಖ್ಯ. ಯಾವುದೂ ಇಲ್ಲವೆಂದರೆ ಡಾಕ್ಟರಿಗೆ ತೋರಿಸಿ, ಮಂಡಿಯ ಕೆಳಗೆ ಪಾಶ್‌ಬಾಲಿಶ್ ಇಟ್ಟುಕೊಳ್ಳಿ, ನಾಡಿದ್ದು ಬೆಳಿಗ್ಗೆ ಲೇಕಿನ ಗೇಟಿನ ಹತ್ತಿರ ಬನ್ನಿ, ಎಷ್ಟಾಗುತ್ತದೋ ಅಷ್ಟು ನಡೆಯೋಣ ಎನ್ನುತ್ತೇನೆ. ಬಹುಪಾಲು ಜನ ಬರುತ್ತಾರೆ.